ಸಾರಿದ್ದು, ಮುಚ್ಚಿಟ್ಟದ್ದು: ಗುರು-ಶಿಷ್ಯ ಚಿತ್ರಗಳ ಪ್ರಚಾರವೂ ಚಳ್ಳಕೆರೆ-ಮೊಳಕಾಲ್ಮೂರು ಸೀಮೆಯೂ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಕಿರು ಬಂಡೆಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಅಂದಿನಿಂದ ಅವುಗಳ ಕುರಿತ ಚರ್ಚೆ ಬಹುಮಟ್ಟಿಗೆ ಇಸಿಲ ಎಲ್ಲಿತ್ತು, ಸುವರ್ಣಗಿರಿ ಯಾವುದು, ಲಿಪಿಕಾರ ಚಪಡ ತನ್ನ ವೃತ್ತಿಯ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ ಏಕೆ ಬರೆದ ಎಂಬ ಪ್ರಶ್ನೆಗಳ ಸುತ್ತಲೇ ನಡೆದಿದೆ. ಜಾನಪದ ಅಧ್ಯಯನದ ದೃಷ್ಟಿಯಿಂದ ಈ ಶಾಸನಗಳ ಕೊನೆಯ ಭಾಗ ಹೆಚ್ಚು ಮುಖ್ಯವಾದುದು. ತಂದೆತಾಯಿಗಳ ಸೇವೆ ಮಾಡಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯವನ್ನು ನುಡಿಯಬೇಕು ಎಂದ ಮೇಲೆ ಶಾಸನವು ಅಂತೇವಾಸಿಯು ಆಚಾರ್ಯನನ್ನು ಗೌರವಿಸಬೇಕೆಂದು ವಿಧಿಸುತ್ತದೆ. ಇದು ಪುರಾತನವಾದ ನಡಾವಳಿ ಎಂದೂ ಸೇರಿಸುತ್ತದೆ. ಅಂತೇವಾಸಿ ಎಂದರೆ ಗುರುವಿನ ಬಳಿಯಲ್ಲಿಯೇ ವಾಸಿಸಿ ಕಲಿಯುವವನು. ಇಂದಿನ ಮಾತಿನಲ್ಲಿ ಹೇಳುವುದಾದರೆ ವಸತಿಶಾಲೆಯ ಹುಡುಗ.

ಇದೇ ಶಾಸನದ ಕರ್ನೂಲು ಜಿಲ್ಲೆಯ ಎರ್ರಗುಡಿಯ ಪಾಠದಲ್ಲಿ ಮತ್ತೊಂದು ವಿವರ ದೊರೆಯುತ್ತದೆ. ರಾಜಾಜ್ಞೆಯನ್ನು ರಜ್ಜುಕನು ಭೇರಿ ಹೊಡೆಸಿ ಜನಪದಕ್ಕೆ ತಿಳಿಸಬೇಕು ಎಂಬುದು ಅಲ್ಲಿನ ಸೂಚನೆ. ಬಂಡೆಯ ಮೇಲಿನ ಬರಹವನ್ನು ಓದಬಲ್ಲವರು ಎಷ್ಟು ಮಂದಿ ಇದ್ದಿರಬಹುದು? ಆಜ್ಞೆ ಜನರನ್ನು ತಲುಪುತ್ತಿದ್ದುದು ವಾದ್ಯದ ಸದ್ದಿನಿಂದ ಮತ್ತು ಸಾರುವವನ ಬಾಯಿಂದ. ಗುರು-ಶಿಷ್ಯರ ಸಂಬಂಧ ಈ ಸೀಮೆಯಲ್ಲಿ ಮೊದಲು ದಾಖಲಾದದ್ದು ಸಾರಬೇಕಾದ ವಿಷಯವಾಗಿ ಎಂಬುದನ್ನೂ, ಆ ಸಾರುವಿಕೆಯಲ್ಲಿ ಶಿಷ್ಯನ ಕರ್ತವ್ಯಕ್ಕೆ ಇದ್ದ ಸ್ಥಾನ ಆಚಾರ್ಯನ ಹೊಣೆಗೆ ಇರಲಿಲ್ಲವೆಂಬುದನ್ನೂ ಗಮನದಲ್ಲಿಟ್ಟುಕೊಂಡು ಇಪ್ಪತ್ತನೆಯ ಶತಮಾನದ ಮತ್ತೊಂದು ಬಗೆಯ ಸಾರುವಿಕೆಯನ್ನು ನೋಡಬಹುದು. ಅದು ಚಲನಚಿತ್ರ ಪ್ರಚಾರ.

ಶಾಲೆ ಒಂದು ಮುಚ್ಚಿದ ಲೋಕ. ಗುರುವಿಗೂ ಶಿಷ್ಯನಿಗೂ ನಡುವೆ ನಡೆಯುವುದು ಹೊರಗಿನವರಿಗೆ ಪೂರ್ತಿ ತಿಳಿಯುವುದಿಲ್ಲ. ಅಂಥ ಲೋಕದ ಕಥೆಯನ್ನು ಹಣ ತೆತ್ತು ನೋಡುವಂತೆ ಊರಿನ ಜನರನ್ನು ಒಪ್ಪಿಸುವುದು ಹೇಗೆ? ಹಾಲಿವುಡ್ ಈ ಪ್ರಶ್ನೆಯನ್ನು 1930ರ ದಶಕದಲ್ಲಿಯೇ ಎದುರಿಸಿತ್ತು. ಜೇಮ್ಸ್ ಹಿಲ್ಟನ್ನನ ಕಿರುಕಾದಂಬರಿಯನ್ನು ಆಧರಿಸಿ 1939ರಲ್ಲಿ ತೆರೆಗೆ ಬಂದ ‘ಗುಡ್‌ಬೈ, ಮಿಸ್ಟರ್ ಚಿಪ್ಸ್’ ಇಂಗ್ಲೆಂಡಿನ ಸಿರಿವಂತರ ವಸತಿಶಾಲೆಯೊಂದರ ಕಥೆ. ಅದರ ಹೊರಾಂಗಣ ದೃಶ್ಯಗಳಿಗೆ ರೆಪ್ಟನ್ ಶಾಲೆಯನ್ನು ಬಳಸಿಕೊಳ್ಳಲಾಗಿತ್ತು. ಮುಖ್ಯಪಾತ್ರ ವಹಿಸಿದ ರಾಬರ್ಟ್ ಡೊನಾಟ್‌ಗೆ ಆಸ್ಕರ್ ದೊರೆಯಿತು. ಈ ಚಿತ್ರದ ಆಕರ್ಷಣೆ ಇರುವುದು ಶಾಲೆಯಲ್ಲಲ್ಲ, ಮುಪ್ಪಾಗುತ್ತ ಹೋಗುವ ಮೇಷ್ಟರಲ್ಲಿ. ಆ ಶಾಲೆಯ ಮೆಟ್ಟಿಲನ್ನು ಹತ್ತಲಾಗದ ಪ್ರೇಕ್ಷಕನಿಗೂ ತನ್ನ ಬಾಲ್ಯದ ಒಬ್ಬ ಮೇಷ್ಟರ ನೆನಪಿರುತ್ತದೆ. ಶುಲ್ಕ ಮತ್ತು ಕುಲೀನತೆಗಳ ಗೋಡೆಯನ್ನು ಆ ನೆನಪು ಮರೆಸಿಬಿಡುತ್ತದೆ.

ಇದಕ್ಕಿಂತ ಮಹತ್ವದ ಉದಾಹರಣೆ ಮೂರು ವರ್ಷ ಮೊದಲು ಬಂದ ‘ದೀಸ್ ತ್ರೀ’. ಲಿಲಿಯನ್ ಹೆಲ್‌ಮನ್ 1934ರಲ್ಲಿ ಬರೆದ ‘ದಿ ಚಿಲ್ಡ್ರನ್ಸ್ ಅವರ್’ ನಾಟಕವು ನ್ಯೂಯಾರ್ಕಿನಲ್ಲಿ ಬಹಳ ಹೆಸರು ಮಾಡಿತು. ಹೆಣ್ಣುಮಕ್ಕಳ ಖಾಸಗಿ ವಸತಿಶಾಲೆ ನಡೆಸುವ ಇಬ್ಬರು ತರುಣ ಶಿಕ್ಷಕಿಯರ ನಡುವೆ ಅನುಚಿತ ಪ್ರೇಮವಿದೆಯೆಂದು ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿಯ ಕಿವಿಯಲ್ಲಿ ಊದುತ್ತಾಳೆ. ಅಜ್ಜಿ ಶ್ರೀಮಂತೆ, ಪ್ರಭಾವಿ. ಆಕೆ ಇತರ ಪೋಷಕರಿಗೆ ಸುದ್ದಿ ಮುಟ್ಟಿಸುತ್ತಾಳೆ. ನೋಡನೋಡುತ್ತಿದ್ದಂತೆ ಶಾಲೆ ಬರಿದಾಗುತ್ತದೆ. ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಈ ನಾಟಕದ ಹಕ್ಕು ಕೊಂಡಾಗ ಹಾಲಿವುಡ್ಡಿನ ನೀತಿಸಂಹಿತೆಯ ಕಚೇರಿ ಕಥೆಯ ತಿರುಳನ್ನು ಬದಲಿಸಬೇಕೆಂದು ಹೇಳಿದ್ದಲ್ಲದೆ ನಾಟಕದ ಹೆಸರನ್ನು ಬಳಸಬಾರದು, ಚಿತ್ರಕ್ಕೂ ನಾಟಕಕ್ಕೂ ಇರುವ ಸಂಬಂಧವನ್ನು ಜಾಹೀರಾತಿನಲ್ಲಿ ಎಲ್ಲಿಯೂ ಸೂಚಿಸಬಾರದು ಎಂದೂ ಕಟ್ಟಪ್ಪಣೆ ಮಾಡಿತು. ಹೆಲ್‌ಮನ್ ತಾನೇ ಚಿತ್ರಕಥೆ ಬರೆದು ಆ ಪಿಸುಮಾತನ್ನು ಒಬ್ಬ ಗಂಡು, ಇಬ್ಬರು ಹೆಣ್ಣುಗಳ ಪ್ರಣಯದ ಅಪವಾದವಾಗಿ ಮಾರ್ಪಡಿಸಿದಳು. ವಿಲಿಯಂ ವೈಲರ್ ನಿರ್ದೇಶಿಸಿದ. ಚಿತ್ರವು ತಾನು ಯಾವುದರ ಚಿತ್ರವೆಂದು ಹೇಳಿಕೊಳ್ಳಲಾರದೆ ಪ್ರಚಾರಕ್ಕೆ ಹೊರಟಿತು. ನಿಯಮ ಸಡಿಲಗೊಂಡ 1961ರಲ್ಲಿ ಅದೇ ವೈಲರ್ ಅದೇ ಕಥೆಯನ್ನು ಮೂಲದ ಹೆಸರಿನಲ್ಲಿ, ಮೂಲದ ತಿರುಳಿನೊಂದಿಗೆ ಮತ್ತೆ ತೆಗೆದ. ಬ್ರಿಟನ್ನಿನಲ್ಲಿ ಅದಕ್ಕೆ ಇಟ್ಟ ಹೆಸರು ‘ದಿ ಲೌಡೆಸ್ಟ್ ವಿಸ್ಪರ್’, ಎಂದರೆ ಎಲ್ಲಕ್ಕಿಂತ ಜೋರಾದ ಪಿಸುಮಾತು. ಜಾನಪದ ವಿದ್ವಾಂಸರು ವದಂತಿಗೆ ಕೊಡಬಹುದಾದ ವ್ಯಾಖ್ಯೆಯೂ ಬಹುಶಃ ಇದಕ್ಕಿಂತ ಚೆನ್ನಾಗಿರಲಾರದು.

ನಾಟಕದ ಮೂಲದಲ್ಲಿರುವ ನಿಜಸಂಗತಿಯಲ್ಲಿ ಭಾರತವೂ ಇದೆಯೆಂಬುದನ್ನು ಇಲ್ಲಿ ಹೇಳಲೇಬೇಕು. 1810ರಲ್ಲಿ ಎಡಿನ್‌ಬರೋದ ಡ್ರಮ್‌ಷ್ಯೂ ಎಂಬಲ್ಲಿದ್ದ ಬಾಲಕಿಯರ ಶಾಲೆ ಇಂಥದೇ ಅಪವಾದದಿಂದ ಮುಚ್ಚಿತು. ದೂರಿದ ಹುಡುಗಿ ಜೇನ್ ಕಮ್ಮಿಂಗ್, ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ಸ್ಕಾಟಿಷ್ ತರುಣನಿಗೆ ಭಾರತೀಯ ಹೆಣ್ಣಿನಲ್ಲಿ ಹುಟ್ಟಿದವಳು. ಶಿಕ್ಷಕಿಯರು ಹೂಡಿದ ಮಾನನಷ್ಟದ ವ್ಯಾಜ್ಯ 1819ರಲ್ಲಿ ಲಾರ್ಡ್ಸ್ ಸಭೆಯವರೆಗೂ ಹೋಯಿತು. ಇಂಥ ಕಲ್ಪನೆ ಆ ಹುಡುಗಿಗೆ ಹಿಂದೂಸ್ತಾನದ ವಾಸದಿಂದಲೇ ಬಂದಿರಬೇಕೆಂಬ ವಾದ ನ್ಯಾಯಾಧೀಶರ ಬಾಯಿಂದಲೇ ಹೊರಟಿತು. ಹೆಲ್‌ಮನ್ ತನ್ನ ನಾಟಕದಲ್ಲಿ ಈ ಹುಡುಗಿಯನ್ನು ಅಮೆರಿಕದ ಬಿಳಿಯ ಹುಡುಗಿಯನ್ನಾಗಿ ಮಾಡಿದಳು. ಹೀಗೆ ನೀತಿಸಂಹಿತೆಯ ಕಚೇರಿ ಕತ್ತರಿ ಎತ್ತುವ ಮೊದಲೇ ಒಂದು ಮರೆಮಾಚುವಿಕೆ ನಡೆದುಹೋಗಿತ್ತು. ಅದನ್ನು ಯಾರೂ ಆಜ್ಞಾಪಿಸಿರಲಿಲ್ಲ. ಆಜ್ಞೆಯಿಂದ ಆದ ಮರೆಮಾಚುವಿಕೆ, ಆಜ್ಞೆಯಿಲ್ಲದೆ ಆದ ಮರೆಮಾಚುವಿಕೆ ಎಂಬ ಈ ವ್ಯತ್ಯಾಸ ಕನ್ನಡದ ಸಂದರ್ಭದಲ್ಲಿ ನಿರ್ಣಾಯಕವಾದುದು.

ಚಳ್ಳಕೆರೆ-ಮೊಳಕಾಲ್ಮೂರು ಸೀಮೆಗೆ ಸಿನಿಮಾ ಬರುವ ಹೊತ್ತಿಗೆ ಇಲ್ಲಿ ಸಾರುವಿಕೆಯ ಗಟ್ಟಿಯಾದ ಪರಂಪರೆಯೊಂದು ಇದ್ದೇ ಇತ್ತು. ಮಾರಿಹಬ್ಬ, ಜಾತ್ರೆ, ಕಂದಾಯ, ಪಂಚಾಯಿತಿ ಇವೆಲ್ಲವನ್ನೂ ತಮಟೆ ಬಡಿದು ಕೇರಿ ಕೇರಿಗೂ ಸಾರಲಾಗುತ್ತಿತ್ತು. ಜನ ಇದನ್ನು ಡಂಗುರವೆಂದೂ ಟಾಂ ಟಾಂ ಎಂದೂ ಕರೆದರು. ಕೂಗಿನ ಮೂಲಕ ನಡೆಯುವ ಸಾರ್ವಜನಿಕ ವ್ಯವಹಾರದ ವೈಭವವನ್ನು ಕಾಣಬೇಕಾದರೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ರಥೋತ್ಸವದ ದಿನ ನಡೆಯುವ ಮುಕ್ತಿ ಬಾವುಟದ ಹರಾಜನ್ನು ನೋಡಬೇಕು. ಟೂರಿಂಗ್ ಟಾಕೀಸಿನವರು ಕಂಡುಕೊಂಡದ್ದು ಈ ಸಿದ್ಧ ವ್ಯವಸ್ಥೆಯನ್ನು. ಎತ್ತಿನ ಗಾಡಿಯ ಅಥವಾ ಜಟಕಾದ ಎರಡೂ ಬದಿಗೆ ಚಿತ್ರದ ಹಲಗೆಗಳನ್ನು ಕಟ್ಟಿ, ಮುಂದೆ ತಮಟೆಯವರನ್ನು ನಡೆಸಿ, ಬಣ್ಣದ ತೆಳು ಕಾಗದದ ಕರಪತ್ರಗಳನ್ನು ತೂರುತ್ತ ಸಾಗುವ ಮೆರವಣಿಗೆ ಕರ್ನಾಟಕದ ಎಲ್ಲ ಸಣ್ಣ ಊರುಗಳಿಗೂ ಪರಿಚಿತವಾದುದು. ಊರ ಚಾಕರಿಯಾಗಿದ್ದ ತಮಟೆ ಇಲ್ಲಿ ದಿನಗೂಲಿಯ ಕೆಲಸವಾಯಿತು. ಈ ಬದಲಾವಣೆ ತಮಟೆಯವನಿಗೆ ಲಾಭವೋ ನಷ್ಟವೋ ಎಂಬುದು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದ ವಿಷಯ. ಸಂಜೆ ಟೆಂಟಿನ ಮೇಲೆ ಕಟ್ಟಿದ ಧ್ವನಿವರ್ಧಕದಲ್ಲಿ ಹಾಕುತ್ತಿದ್ದ ಭಕ್ತಿಗೀತೆಯ ತಟ್ಟೆ ಸುತ್ತಲಿನ ಹಟ್ಟಿಗಳಿಗೆ ಗಡಿಯಾರವೂ ಆಗಿತ್ತು. ಆ ಹಾಡು ಕೇಳಿಸಿದರೆ ಟಿಕೆಟ್ ಕೊಡಲು ಶುರುವಾಯಿತೆಂದು ಅರ್ಥ.

ಸಾರುವವನ ಮಾತು ಸೂತ್ರಬದ್ಧವಾದುದು. ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಮೌಖಿಕ ಕಾವ್ಯದಲ್ಲಿ ಗುರುತಿಸಿದ ಸಿದ್ಧಪದಗುಚ್ಛಗಳ ತತ್ವ ಇದಕ್ಕೂ ಅನ್ವಯಿಸುತ್ತದೆ. ಮಹಾಜನಗಳಿಗೆ ಸಂಬೋಧನೆ, ಟಾಕೀಸಿನ ಹೆಸರು, ನಟರ ಹೆಸರುಗಳಿಗೆ ಅಂಟಿದ ಬಿರುದುಗಳು, ದಿನಕ್ಕೆ ಎಷ್ಟು ಆಟ, ನೋಡಲು ಮರೆಯದಿರಿ ಎಂಬ ಮುಕ್ತಾಯ: ಚಿತ್ರ ಯಾವುದಾದರೂ ಈ ಎಳೆ ಬದಲಾಗುವುದಿಲ್ಲ. ಆದರೆ ಡಂಗುರಕ್ಕೂ ಸಿನಿಮಾ ಪ್ರಚಾರಕ್ಕೂ ಒಂದು ಮೂಲಭೂತ ಭೇದವಿದೆ. ಡಂಗುರ ಏನನ್ನೂ ಬಚ್ಚಿಡುವುದಿಲ್ಲ. ಯಾವ ದಿನ, ಯಾವ ದೇವರು, ಯಾರು ಏನು ತರಬೇಕು ಎಂಬುದೆಲ್ಲವೂ ಬಯಲು. ಈ ಸೀಮೆಯ ಕಾಡುಗೊಲ್ಲರು ಹಾಡುವ ಜುಂಜಪ್ಪನ ಕಥೆಯಲ್ಲಾಗಲಿ, ಮ್ಯಾಸಬೇಡರ ಗಾದ್ರಿ ಪಾಲನಾಯಕನ ಕಥೆಯಲ್ಲಾಗಲಿ ಕೇಳುಗನಿಗೆ ಕಥೆಯ ಕೊನೆ ಮೊದಲೇ ಗೊತ್ತು. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿಯಂಥ ಗಾಯಕಿಯ ಮುಂದೆ ಕುಳಿತವರು ವೀರನ ಸಾವನ್ನು ಅರಿತೇ ಕುಳಿತವರು. ಸಿನಿಮಾ ಪ್ರಚಾರವಾದರೋ ಡಂಗುರದ ಧ್ವನಿಯನ್ನು ಎರವಲು ಪಡೆದು ಅದರ ಒಡಲೊಳಗೆ ಗೋಪ್ಯವನ್ನು ಇರಿಸಿತು. ಟಾಕೀಸಿನ ಬಾಗಿಲಲ್ಲಿ ಮಾರುತ್ತಿದ್ದ ಪದ್ಯಾವಳಿ ಪುಸ್ತಿಕೆಗಳಲ್ಲಿ ಕಥಾಸಾರವು ಮುಕ್ಕಾಲು ಭಾಗಕ್ಕೆ ನಿಂತು, ಮುಂದಿನದನ್ನು ಬೆಳ್ಳಿಪರದೆಯ ಮೇಲೆ ನೋಡಿ ಆನಂದಿಸಿರೆಂದು ಹೇಳುತ್ತಿದ್ದುದು ಈ ಗೋಪ್ಯದ ಅಧಿಕೃತ ರೂಪ. ಜನಪದ ಕಥನಕ್ಕೂ ಜನಪ್ರಿಯ ಕಥನಕ್ಕೂ ನಡುವಿನ ಗಡಿಯನ್ನು ಹುಡುಕುವವರು ಈ ಒಂದು ವಾಕ್ಯದಿಂದ ಹೊರಡಬಹುದು.

ಈಗ ಕನ್ನಡದ ಗುರು-ಶಿಷ್ಯ ಚಿತ್ರಗಳ ಕಡೆಗೆ ಬರಬಹುದು. ಬಿ.ಆರ್. ಪಂತುಲು ನಿರ್ಮಿಸಿ, ನಿರ್ದೇಶಿಸಿ, ಅಭಿನಯಿಸಿದ ‘ಸ್ಕೂಲ್ ಮಾಸ್ಟರ್’ (1958) ಹೆಸರಿನಲ್ಲಿಯೇ ಮೇಷ್ಟರನ್ನು ಮುಂದಿಟ್ಟಿತು. ಅಲ್ಲಿ ಮೇಷ್ಟರು ಪೂರ್ತಿ ಒಳ್ಳೆಯವರು, ಮಕ್ಕಳಿಂದ ನೊಂದವರು. ಇದರ ತೆಲುಗು ರೂಪ ‘ಬಡಿ ಪಂತುಲು’ 1972ರಲ್ಲಿ ಬಂದಿತು. ಮನೆಮಾತು ತೆಲುಗಾಗಿರುವ ಮ್ಯಾಸನಾಯಕರ ಹಟ್ಟಿಗಳಿರುವ, ರಾಯದುರ್ಗ ಮಗ್ಗುಲಲ್ಲೇ ಇರುವ ಈ ಸೀಮೆಯಲ್ಲಿ ಎರಡು ಭಾಷೆಯ ಪ್ರಚಾರವೂ ಒಂದೇ ಕಿವಿಗೆ ಬೀಳುವುದು ಸಹಜ. ಅದೇ 1972ರ ಡಿಸೆಂಬರಿನಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಬಿಡುಗಡೆಯಾಯಿತು. ನಿರ್ಮಾಪಕರು ಎನ್. ವೀರಾಸ್ವಾಮಿ. ಕಥೆ ತ.ರಾ.ಸುಬ್ಬರಾಯರದು. ಚಿತ್ರೀಕರಣಗೊಂಡದ್ದು ಚಿತ್ರದುರ್ಗದಲ್ಲಿ. ವಿಷ್ಣುವರ್ಧನರು ನಾಯಕರಾಗಿಯೂ ಅಂಬರೀಶರು ನಟರಾಗಿಯೂ ಕಾಲಿಟ್ಟ ಚಿತ್ರವೆಂಬುದು ಎಲ್ಲರಿಗೂ ತಿಳಿದ ಸಂಗತಿ.

ಇಲ್ಲಿ ವಸತಿಶಾಲೆಯಿಲ್ಲ, ಸಿರಿವಂತಿಕೆಯೂ ಇಲ್ಲ. ಆದರೂ ಗುರುವಿನ ಅಧಿಕಾರ ಹಾಲಿವುಡ್ಡಿನ ಶಾಲೆಗಳಿಗಿಂತ ಆಳಕ್ಕೆ ಇಳಿಯುತ್ತದೆ. ಬ್ರಾಹ್ಮಣ ಮನೆಯ ಹುಡುಗ ರಾಮಾಚಾರಿ ಅಪ್ಪ-ಅಮ್ಮನಿಗೆ ಬಗ್ಗದವನು, ಪ್ರಾಂಶುಪಾಲರನ್ನು ಅರೆಬೆತ್ತಲೆ ಮಾಡಿ ಕಂಬಕ್ಕೆ ಕಟ್ಟಿದವನು. ಅವನು ಬಗ್ಗುವುದು ಚಾಮಯ್ಯ ಮೇಷ್ಟರ ಮಾತಿಗೆ ಮಾತ್ರ. ಆ ಮಾತಿನ ಬಲದಿಂದ ಮೇಷ್ಟರು ಅವನಿಂದ ಅಲಮೇಲುವಿನ ಪ್ರೇಮವನ್ನು ಬಿಡಿಸುತ್ತಾರೆ. ಕಾರಣ ಜಾತಿಯ ಕಟ್ಟಳೆ. ಬೇರೆಯವನೊಡನೆ ಮದುವೆಯಾದ ಅಲಮೇಲು ಮೈಮಾರುವ ಸ್ಥಿತಿಗೆ ಇಳಿಯುತ್ತಾಳೆ. ಮುಂದೆ ಕ್ರೈಸ್ತಳಾದ ಮಾರ್ಗರೆಟ್ಟಳ ವಿಷಯದಲ್ಲಿಯೂ ಮೇಷ್ಟರು ಅಡ್ಡ ನಿಲ್ಲುತ್ತಾರೆ. ಆಗ ಶಿಷ್ಯ ಮೊದಲ ಸಲ ಲೆಕ್ಕ ಕೇಳುತ್ತಾನೆ. ಬೆಟ್ಟದ ಮೇಲಿನ ಆ ಘರ್ಷಣೆಯಲ್ಲಿ ಗುರು ಕೆಳಗೆ ಬಿದ್ದು ಸಾಯುತ್ತಾರೆ. ಶಿಷ್ಯನೂ ಮಾರ್ಗರೆಟ್ಟಳೂ ಅದೇ ಪ್ರಪಾತವನ್ನು ಸೇರುತ್ತಾರೆ. ಅಂತೇವಾಸಿ ಆಚಾರ್ಯನನ್ನು ಗೌರವಿಸಿದುದರಿಂದಲೇ ಒಂದು ಹೆಣ್ಣಿನ ಬಾಳು ಹಾಳಾಯಿತು ಎಂಬುದು ಈ ಕಥೆಯ ತಿರುಳು. ಹಿಂದುಳಿದ ವರ್ಗಗಳಿಗಾಗಿ ಎಲ್.ಜಿ. ಹಾವನೂರರ ಆಯೋಗ ನೇಮಕಗೊಂಡದ್ದೂ 1972ರಲ್ಲಿಯೇ. ಜಾತಿಯ ಪ್ರಶ್ನೆ ಶಾಲೆ ಮತ್ತು ಹಾಸ್ಟೆಲುಗಳ ಬಾಗಿಲಿಗೆ ಬಂದು ನಿಂತಿದ್ದ ಕಾಲವದು.

ಈ ತಿರುಳು ಪ್ರಚಾರದಲ್ಲಿ ಏನಾಯಿತು? ಪ್ರಚಾರದ ಅತಿ ಚಿಕ್ಕ ಘಟಕ ಚಿತ್ರದ ಹೆಸರು. ಸಾರುವವನ ಬಾಯಲ್ಲಿ ಹೆಚ್ಚು ಸಲ ಬರುವುದೂ ಅದೇ. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಹೆಣೆದು ಮಾಡಿದ ಚಿತ್ರವಿದು. ಮೂರರಲ್ಲಿ ಆಯ್ಕೆಯಾದದ್ದು ಹಾವಿನ ಹೆಸರು. ನಾಗರಪಂಚಮಿಯಂದು ಹುತ್ತಕ್ಕೆ ತನಿಯೆರೆಯುವ, ನಾಗರಕಲ್ಲಿಗೆ ಕೈಮುಗಿಯುವ ಸಮಾಜದಲ್ಲಿ ಆ ಹೆಸರು ವಿವರಣೆಯನ್ನು ಬೇಡುವುದಿಲ್ಲ. ಚಿತ್ರ 1974ರಲ್ಲಿ ತೆಲುಗಿಗೆ ‘ಕೋಡೆ ನಾಗು’ ಆಗಿ, ತಮಿಳಿಗೆ ‘ರಾಜ ನಾಗಂ’ ಆಗಿ, ಪುಟ್ಟಣ್ಣನವರ ಕೈಯಿಂದಲೇ ಹಿಂದಿಗೆ ‘ಜಹ್ರೀಲಾ ಇನ್ಸಾನ್’ ಆಗಿ ಹೋಯಿತು. ಎಲ್ಲ ಕಡೆಯೂ ಉಳಿದದ್ದು ಹಾವು, ಇಲ್ಲವೇ ಅದರ ವಿಷ. ಮೇಷ್ಟರು ಯಾವ ಹೆಸರಿನಲ್ಲಿಯೂ ಕಾಣಿಸಲಿಲ್ಲ. ಹೀಗೆ ಹೆಸರಿಟ್ಟ ಕ್ಷಣದಿಂದಲೇ ತಪ್ಪು ಹುಡುಗನ ಸ್ವಭಾವದ ಕಡೆಗೆ ವಾಲುತ್ತದೆ: ಅವನು ಹಾವು, ಅವನಲ್ಲಿ ವಿಷವಿದೆ, ಕೊನೆಗೆ ಕಚ್ಚಿದ. ಪುಂಗಿ ಊದಿದವರು ಯಾರೆಂಬ ಪ್ರಶ್ನೆ ಏಳುವುದೇ ಇಲ್ಲ.

ಹಾಡುಗಳೂ ಇದೇ ಕೆಲಸ ಮಾಡಿದವು. ವಿಜಯಭಾಸ್ಕರ್ ಸಂಗೀತದಲ್ಲಿ ರೇಡಿಯೊ ಮತ್ತು ಧ್ವನಿವರ್ಧಕಗಳ ಮೂಲಕ ಊರೂರು ತಲುಪಿದ ಆ ಹಾಡುಗಳಲ್ಲಿ ಹುಡುಗನ ರೋಷವಿದೆ, ಪ್ರಣಯವಿದೆ, ಒನಕೆ ಓಬವ್ವನ ಸಾಹಸವಿದೆ. ಓಬವ್ವನ ಹಾಡಂತೂ ಕಥೆಗೆ ಹೊರಗಿನದಾಗಿದ್ದೂ ಜಿಲ್ಲೆಯ ಅಭಿಮಾನಗೀತೆಯಾಯಿತು. ದುರ್ಗದ ಕೋಟೆಯನ್ನು ಅದರಷ್ಟು ಸಾರಿದ ಪ್ರವಾಸೋದ್ಯಮದ ಪ್ರಕಟಣೆ ಮತ್ತೊಂದಿಲ್ಲ. ಮೇಷ್ಟರ ತಪ್ಪಿಗೆ ಮಾತ್ರ ಹಾಡಿಲ್ಲ. ಹಾಡಿಲ್ಲದ್ದು ಟಾಕೀಸಿನ ಗೋಡೆ ದಾಟಿ ಹೊರಗೆ ಬರಲಾರದು.

ಪುಟ್ಟಣ್ಣನವರ ಚಿತ್ರವೂ ಈ ವಿಷಯದಲ್ಲಿ ಪೂರ್ತಿ ನಿರ್ದೋಷಿಯಲ್ಲ. ಕೆ.ಎಸ್. ಅಶ್ವತ್ಥರ ಮುಖದಲ್ಲಿ ತುಂಬಿರುವ ಮಮತೆ ಎಷ್ಟು ದೊಡ್ಡದೆಂದರೆ ಅವರ ಬಾಯಿಂದ ಬರುವ ಜಾತಿಯ ಮಾತು ಕೂಡ ಲೋಕಾನುಭವದಂತೆ ಕೇಳಿಸುತ್ತದೆ. ಅಭಿನಯದ ದೃಷ್ಟಿಯಿಂದ ಇದು ಹೆಗ್ಗಳಿಕೆ. ವಿಮರ್ಶೆಯ ದೃಷ್ಟಿಯಿಂದ ಇದೊಂದು ತೊಡಕು. ಕಾದಂಬರಿಕಾರರ ನಾಗರಹಾವನ್ನು ನಿರ್ದೇಶಕರು ಕೇರೆಹಾವು ಮಾಡಿದರೆಂದು ತ.ರಾ.ಸು. ಆಕ್ಷೇಪಿಸಿದರೆಂಬ ಮಾತು ಚಿತ್ರರಸಿಕರ ನಡುವೆ ಇಂದಿಗೂ ಓಡಾಡುತ್ತದೆ. ಒಂದು ಐತಿಹ್ಯದಂತೆ ಬಾಯಿಂದ ಬಾಯಿಗೆ ಹೋಗುವ ಈ ಮಾತಿನ ರಚನೆಯೇ ಕುತೂಹಲಕರ. ಲೇಖಕರ ಅಸಮಾಧಾನವೂ ಹಾವಿನ ಮೇಲೆಯೇ ಹರಿದಂತೆ, ವಿಷ ಸಾಲದೆಂಬುದೊಂದೇ ದೂರು ಎಂಬಂತೆ ಅದು ಪ್ರಚಲಿತವಾಗಿದೆ. ಪ್ರಚಾರ ಹಾಕಿದ ಚೌಕಟ್ಟಿನೊಳಗೆ ಲೇಖಕರ ಪ್ರತಿಭಟನೆಯನ್ನೂ ಕೂರಿಸಲಾಯಿತು.

ತ.ರಾ.ಸು. ಅವರದು ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನ. ಅದೇ ಮನೆತನದ ಹಿರಿಯರು ಟಿ.ಎಸ್. ವೆಂಕಣ್ಣಯ್ಯನವರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕನ್ನಡದ ಅಧ್ಯಾಪಕರಾಗಿದ್ದ ಅವರಿಗೆ ಶಿಷ್ಯ ಕುವೆಂಪು ತಮ್ಮ ‘ಶ್ರೀರಾಮಾಯಣ ದರ್ಶನಂ’ ಮಹಾಕಾವ್ಯವನ್ನೇ ಅರ್ಪಿಸಿದರು. ಆಧುನಿಕ ಕನ್ನಡದಲ್ಲಿ ಗುರುಭಕ್ತಿಯ ಅತ್ಯುನ್ನತ ಸಾರುವಿಕೆ ಅದು. ಬ್ರಾಹ್ಮಣ ಗುರು, ಶೂದ್ರ ಶಿಷ್ಯ ಎಂಬ ಆ ಸಂಬಂಧದಲ್ಲಿ ಜಾತಿಯ ಕಟ್ಟಳೆ ಸೋತಿತ್ತೆಂಬುದನ್ನೂ ನೆನೆಯಬೇಕು. ಆ ಮನೆತನದಿಂದಲೇ ಬಂದ ಕಾದಂಬರಿಕಾರ ಗುರುವಿನ ಪ್ರೀತಿ ಜಾತಿಯ ಮುಂದೆ ಸೋಲುವ ಕಥೆ ಬರೆದದ್ದು ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ. ಗುರು ಏನಾಗಬಲ್ಲ ಎಂಬುದನ್ನು ಮನೆಯಲ್ಲಿ ಕಂಡವರಿಗೆ ಗುರು ಏನು ಮಾಡಲಾರದೆ ಹೋಗುತ್ತಾನೆ ಎಂಬುದೂ ಕಾಣುತ್ತದೆ.

ಮೌಖಿಕ ಪರಂಪರೆಯು ಪ್ರಭುತ್ವದ ಕಥನವನ್ನು ಪ್ರತಿರೋಧಿಸುತ್ತದೆ, ಬರಹ ಮರೆಸಿದ್ದನ್ನು ಬಾಯಿ ಉಳಿಸಿಕೊಳ್ಳುತ್ತದೆ ಎಂಬುದು ಕನ್ನಡ ಜಾನಪದ ಅಧ್ಯಯನ ಬಲವಾಗಿ ನೆಚ್ಚಿಕೊಂಡು ಬಂದಿರುವ ನಂಬಿಕೆ. ‘ನಾಗರಹಾವು’ ಈ ನಂಬಿಕೆಗೆ ಪುಷ್ಟಿ ಕೊಡುವುದಿಲ್ಲ. ಚಿತ್ರ ಬಂದು ಅರ್ಧ ಶತಮಾನ ಕಳೆದ ಮೇಲೆ ಚಾಮಯ್ಯ ಮೇಷ್ಟರು ಆಡುಮಾತಿನಲ್ಲಿ ಬದುಕಿದ್ದಾರೆ; ಆದರೆ ಹೇಗೆ? ಶಿಷ್ಯವತ್ಸಲರಾದ ಆದರ್ಶ ಗುರುವಿಗೆ ಪರ್ಯಾಯಪದವಾಗಿ. ಒಬ್ಬ ಅಧ್ಯಾಪಕರನ್ನು ಹೊಗಳಬೇಕಾದರೆ ಅವರು ಚಾಮಯ್ಯ ಮೇಷ್ಟರಂತೆ ಎನ್ನುತ್ತಾರೆ. ಅಲಮೇಲುವಿನ ಪಾಡು ಈ ನಾಣ್ಣುಡಿಯಲ್ಲಿ ಕರಗಿಹೋಗಿದೆ. ಪ್ರಚಾರ ಮೇಷ್ಟರನ್ನು ಹಾವಿನ ಹಿಂದೆ ಮರೆಮಾಡಿತು. ಜನರ ಮಾತು ಅವರನ್ನು ಮುಂದೆ ತಂದು ಪೂಜೆಗಿಟ್ಟಿತು. ಎರಡೂ ಬಗೆಯಲ್ಲಿ ಅವರ ಮೇಲಿನ ಪ್ರಶ್ನೆ ಇಲ್ಲವಾಯಿತು. ಬ್ರಹ್ಮಗಿರಿಯ ಬಂಡೆಯ ಮೇಲಿನ ವಿಧಿ ಇನ್ನೂ ಜಾರಿಯಲ್ಲಿದೆ ಎನ್ನಬೇಕಾಗುತ್ತದೆ.

ಇಲ್ಲಿಯೇ ಹಾಲಿವುಡ್ಡಿನ ಉದಾಹರಣೆ ಉಪಯೋಗಕ್ಕೆ ಬರುವುದು. ‘ದೀಸ್ ತ್ರೀ’ಯ ವಿಷಯದಲ್ಲಿ ನಿಷೇಧಿಸಿದ ಕಚೇರಿಯೊಂದಿತ್ತು. ಆದ್ದರಿಂದ ನಿಷೇಧ ಸಡಿಲಗೊಂಡ ದಿನವೂ ಒಂದು ಬಂತು. ಇಪ್ಪತ್ತೈದು ವರ್ಷಗಳ ನಂತರವಾದರೂ ಅದೇ ನಿರ್ದೇಶಕ ಮುಚ್ಚಿಟ್ಟದ್ದನ್ನು ತೆರೆದು ತೋರಿಸಲು ಸಾಧ್ಯವಾಯಿತು. ಚಾಮಯ್ಯ ಮೇಷ್ಟರ ತಪ್ಪನ್ನು ಸಾರಬೇಡಿರೆಂದು ಯಾರೂ ಆಜ್ಞಾಪಿಸಿರಲಿಲ್ಲ. ಆಜ್ಞೆಯಿಲ್ಲದ ಕಡೆ ಅದನ್ನು ಹಿಂತೆಗೆಯುವವರೂ ಇರುವುದಿಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. ಹೆಲ್‌ಮನ್ನಳ ಸಿರಿವಂತ ಶಾಲೆ ಒಂದು ಪಿಸುಮಾತಿಗೆ ಬರಿದಾಗುತ್ತದೆ. ಆ ಪೋಷಕರಿಗೆ ಬೇರೆ ಶಾಲೆಗಳಿವೆ, ಮಕ್ಕಳನ್ನು ಕರೆದೊಯ್ಯಲು ವಾಹನಗಳಿವೆ. ಈ ಸೀಮೆಯ ಗೊಲ್ಲರಹಟ್ಟಿಯಿಂದಲೋ ನಾಯಕರ ಹಟ್ಟಿಯಿಂದಲೋ ಚಳ್ಳಕೆರೆಯ ಸರ್ಕಾರಿ ಹಾಸ್ಟೆಲಿಗೆ ಬಂದು ಸೇರುವ ಮಗುವಿಗೆ ಆ ಅನುಕೂಲವಿಲ್ಲ. ಗುರುವಿನ ಬಗ್ಗೆ ಎಂಥ ಮಾತು ಕಿವಿಗೆ ಬಿದ್ದರೂ ಅದು ಅಲ್ಲಿಯೇ ಉಳಿಯಬೇಕು, ಉಂಡು ಓದಬೇಕು. ಗುರುವನ್ನು ಪ್ರಶ್ನಿಸುವ ಕಥೆಗಳು ಹೆಚ್ಚು ಬೇಕಾಗಿರುವುದು ಇಂಥ ಅಂತೇವಾಸಿಗಳಿಗೆ. ಪ್ರಚಾರ ಅವರನ್ನು ತಲುಪಿದ್ದು ಹಾವಿನ ಚಿತ್ರವಾಗಿ.

ಆನಂತರದ ಪ್ರಚಾರಗಳಲ್ಲಿ ಈ ಪ್ರವೃತ್ತಿ ಇನ್ನಷ್ಟು ನಿಚ್ಚಳವಾಯಿತು. 2014ರ ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ ಶಿಷ್ಯನ ಹೆಸರನ್ನು ಮಾತ್ರ ಎತ್ತಿಕೊಂಡಿತು. 2016ರಲ್ಲಿ ಕೋಡಿ ರಾಮಕೃಷ್ಣರು ನಿರ್ದೇಶಿಸಿದ, ಮತ್ತೆ ‘ನಾಗರಹಾವು’ ಎಂದೇ ಹೆಸರಿಟ್ಟುಕೊಂಡ ಚಿತ್ರ ಅಕ್ಷರಶಃ ನಾಗಿಣಿಯ ಕಥೆ. 2009ರಲ್ಲಿ ತೀರಿಕೊಂಡಿದ್ದ ವಿಷ್ಣುವರ್ಧನರನ್ನು ಗಣಕಯಂತ್ರದ ನೆರವಿನಿಂದ ತೆರೆಗೆ ತಂದದ್ದೇ ಅದರ ಪ್ರಚಾರದ ಜೀವಾಳವಾಗಿತ್ತು. ಹೆಸರಿನಲ್ಲಿ ರೂಪಕವಾಗಿದ್ದ ಹಾವು ನಾಲ್ಕು ದಶಕ ಕಳೆದ ಮೇಲೆ ನಿಜದ ಹಾವಾಯಿತು. 2018ರ ಜುಲೈನಲ್ಲಿ ಮೂಲಚಿತ್ರವೇ ಹೊಸ ತಂತ್ರಜ್ಞಾನದೊಂದಿಗೆ ಮರುಬಿಡುಗಡೆಯಾದಾಗ ಗಾಡಿ, ತಮಟೆ, ಕರಪತ್ರಗಳ ಕಾಲ ಮುಗಿದಿತ್ತು. ತುಣುಕುಚಿತ್ರಗಳು ಮೊಬೈಲುಗಳಲ್ಲಿ ಹರಿದಾಡಿದವು. ಹಳೆಯ ಕರಪತ್ರ ಮತ್ತು ಪದ್ಯಾವಳಿಗಳು ಗ್ರಂಥಾಲಯಗಳ ಪಟ್ಟಿಗೆ ಸೇರಬೇಕಾದ ಸಾಮಗ್ರಿಯೆಂದು ಎಣಿಕೆಗೆ ಬಂದದ್ದು ಕಡಿಮೆ. ಸಂತೆಯಲ್ಲಿ ಶೇಂಗಾ, ಮಂಡಕ್ಕಿ ಕಟ್ಟಿಕೊಡಲು ಬಳಕೆಯಾದ ಆ ತೆಳು ಕಾಗದಗಳಲ್ಲಿ ಕೆಲವಾದರೂ ಹಳೆಯ ಟ್ರಂಕುಗಳ ತಳದಲ್ಲಿ, ಟಾಕೀಸು ನಡೆಸಿದವರ ಮನೆಗಳಲ್ಲಿ ಉಳಿದಿರಬಹುದು. ಅವುಗಳನ್ನು ಕಲೆಹಾಕುವಾಗ ಚಿತ್ರದ ಹೆಸರು ಮತ್ತು ದಿನಾಂಕಗಳನ್ನಷ್ಟೇ ಗುರುತಿಸಿಕೊಂಡರೆ ಸಾಲದು. ಪ್ರತಿಯೊಂದರಲ್ಲೂ ಕಥಾಸಾರ ಯಾವ ಮಾತಿಗೆ ನಿಂತಿದೆ ಎಂಬುದನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳಬೇಕು.